ಮಳೆ ಲೆಕ್ಕದ ಶಾನುಭೋಗರ ಊರಲ್ಲಿ ಮಳೆ

ಜಗತ್ತಿನಲ್ಲಿ ಎಲ್ಲಿ ಎಷ್ಟು ಮಳೆ ಸುರಿಯಿತು, ಯಾವ ವರ್ಷ ಎಷ್ಟು ಸೆಕೆಯಿತ್ತು ಎಂಬ ಕಡತಗಳ ಅತಿ ದೊಡ್ಡ ಭಂಡಾರ ಇರುವುದು ವಾಷಿಂಗ್ಟನ್ನಿನಲ್ಲಲ್ಲ. ಅಮೆರಿಕದ ನಾರ್ತ್ ಕ್ಯಾರೊಲೈನಾದ ಬ್ಲೂ ರಿಡ್ಜ್ ಬೆಟ್ಟಗಳ ನಡುವಿನ ಆಶ್‌ವಿಲ್ ಎಂಬ ಊರಿನಲ್ಲಿ. ಸಮುದ್ರ ನೂರಾರು ಕಿಲೋಮೀಟರ್ ದೂರ, ಎತ್ತರ ಸುಮಾರು 650 ಮೀಟರ್, ತಂಪು ಹವೆ, ಹೋದಲ್ಲೆಲ್ಲ ಬಿಯರ್ ತಯಾರಿಕೆ. ನಿವೇಶನ ಮಾರುವವರಿಗೆ ಇನ್ನೇನು ಬೇಕು? ಹವಾಮಾನ ಎಷ್ಟೇ ಕೆಟ್ಟರೂ ಈ ಊರಿಗೆ ಏನೂ ಆಗುವುದಿಲ್ಲ ಎಂಬ ಮಾತು ಎಲ್ಲೆಡೆ ಹಬ್ಬಿತು. ಕರಾವಳಿಯ ಚಂಡಮಾರುತಕ್ಕೆ ಬೇಸತ್ತವರು ಗಂಟುಮೂಟೆ ಕಟ್ಟಿಕೊಂಡು ಬಂದರು. ಮಳೆಯ ಲೆಕ್ಕ ಬರೆಯುವ ಶಾನುಭೋಗರೇ ವಾಸವಿರುವ ಊರಿಗೆ ಮಳೆ ಮರ್ಯಾದೆ ಕೊಡದೆ ಇರುತ್ತದೆಯೇ?

2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಚಂಡಮಾರುತ ಫ್ಲಾರಿಡಾದ ದಡ ಹತ್ತಿತು. ಮರುದಿನ ಬೆಳಗ್ಗೆ ಬೆಟ್ಟದಲ್ಲಿತ್ತು. ಅದು ಬರುವ ಮೊದಲೇ ಬೇರೆ ಮಳೆ ಸುರಿದು ನೆಲ ನೀರು ಕುಡಿದು ತೇಗುತ್ತಿತ್ತು. ಮೇಲಿಂದ ಇದೂ ಬಂತು. ತೇವ ತುಂಬಿದ ಗಾಳಿ ಬೆಟ್ಟಕ್ಕೆ ಬಡಿದರೆ ಮೇಲೇರುತ್ತದೆ, ಮೇಲೇರಿದರೆ ತಣಿಯುತ್ತದೆ, ತಣಿದರೆ ಸುರಿಯುತ್ತದೆ. ಇದು ನಮ್ಮ ಆಗುಂಬೆಯ ಮಕ್ಕಳಿಗೂ ಗೊತ್ತಿರುವ ವಿದ್ಯೆ. ಬ್ಯೂಸಿಕ್ ಎಂಬಲ್ಲಿ ಮೂರು ದಿನದಲ್ಲಿ ಸುಮಾರು 780 ಮಿಲಿಮೀಟರ್ ಬಿತ್ತು. ಫ್ರೆಂಚ್ ಬ್ರಾಡ್ ಹೊಳೆ ಆಶ್‌ವಿಲ್‌ನಲ್ಲಿ 24.67 ಅಡಿಗೇರಿತು. ಗುಡ್ಡಗಳು 2000ಕ್ಕೂ ಹೆಚ್ಚು ಕಡೆ ಜಾರಿದವು. ನಾರ್ತ್ ಕ್ಯಾರೊಲೈನಾ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು.

ಶಾನುಭೋಗರ ಕಚೇರಿಯ ಕಥೆ ಕೇಳಿ. ಜಾಲಸಂಪರ್ಕ ಕಡಿದುಹೋಯಿತು. ಊರಿನ ನಲ್ಲಿಯೇ ಬತ್ತಿದ ಮೇಲೆ ಗಣಕಯಂತ್ರಗಳನ್ನು ತಣ್ಣಗಿಡುವ ನೀರಿಗೂ ತತ್ವಾರ. ಕಡತಗಳು ಸುರಕ್ಷಿತವಾಗಿದ್ದವು, ನಿಜ. ಆದರೆ ಜಗತ್ತಿಗೆ ಅದರ ತಾಪಮಾನ ತಿಳಿಸುವ ಸೆಪ್ಟೆಂಬರ್ ವರದಿ ತಡವಾಯಿತು. ಯಾರ ಲೆಕ್ಕ ಬರೆಯಬೇಕಿತ್ತೋ ಆ ಮಳೆಯೇ ಬಂದು ಪುಸ್ತಕ ಮುಚ್ಚಿಸಿತು. ಉಪಗ್ರಹದ ಕಣ್ಣಿನಿಂದ ಚಂಡಮಾರುತ ನೋಡುವುದನ್ನೇ ಕಸುಬು ಮಾಡಿಕೊಂಡವರು, ತಲೆಯ ಮೇಲಿದ್ದ ಚಂಡಮಾರುತವನ್ನು ಕಿಟಕಿಯಿಂದ ನೋಡಬೇಕಾಯಿತು. ಪಿಎಚ್.ಡಿ. ಪಡೆದವರೂ ತೊರೆಗಿಳಿದು ಬಕೆಟ್‌ನಲ್ಲಿ ನೀರು ಹೊತ್ತು ತಂದು ಕಕ್ಕಸಿಗೆ ಸುರಿದರು. ನಲ್ಲಿ ನೀರು ಕುಡಿಯಲು ಯೋಗ್ಯ ಎಂದು ಊರಿನವರು ಕೇಳಿದ್ದು 53 ದಿನದ ಮೇಲೆ, ನವೆಂಬರ್ 18ರಂದು. ಅಲ್ಲಿಯವರೆಗೆ ಬಿಯರ್ ನಗರಿಯಲ್ಲಿ ನೀರೇ ದುರ್ಲಭ. ಡ್ರೋನ್‌ನಲ್ಲಿ ಪಾರ್ಸೆಲ್ ಇಳಿಸುವ ಕನಸು ಮಾರುವ ದೇಶದಲ್ಲಿ, ರಸ್ತೆ ಕೊಚ್ಚಿಹೋದ ಹಟ್ಟಿಗಳಿಗೆ ಇನ್ಸುಲಿನ್ ಮತ್ತು ಮಕ್ಕಳ ಡೈಪರ್ ತಲುಪಿಸಿದ್ದು ಹೇಸರಗತ್ತೆಗಳು. ಅವಕ್ಕೆ ನೆಟ್‌ವರ್ಕ್ ಬೇಕಿರಲಿಲ್ಲ.

ನೆರೆಹೊರೆಯವರು ವಿಜ್ಞಾನಿಗಳನ್ನು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: “ನಿಮಗೆ ಮೊದಲೇ ಗೊತ್ತಿರಲಿಲ್ಲವೇ?” ಗೊತ್ತಿತ್ತು ಸ್ವಾಮಿ. ಒಂದು ಡಿಗ್ರಿ ಬಿಸಿಯೇರಿದರೆ ಗಾಳಿ ಶೇ. 7ರಷ್ಟು ಹೆಚ್ಚು ನೀರಾವಿ ಹೊರುತ್ತದೆ ಎಂಬುದು ಹತ್ತೊಂಬತ್ತನೇ ಶತಮಾನದಲ್ಲೇ ಕಂಡುಕೊಂಡ ಭೌತಶಾಸ್ತ್ರದ ಮಾತು. ಈ ಸಲದ ಮಳೆ ಶೇ. 10ರಷ್ಟು ಹೆಚ್ಚಿದ್ದು ಭೂಮಿ ಬಿಸಿಯಾದ್ದರಿಂದ ಎಂದು ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿತು. “ಬರೀ ಹತ್ತೇ?” ಎಂದು ಮೂಗು ಮುರಿದವರುಂಟು. ಇನ್ನು ಕೆಲವರದು ಬ್ರಹ್ಮಾಸ್ತ್ರ: “1916ರಲ್ಲೂ ಇಂಥದೇ ಪ್ರವಾಹ ಬಂದಿತ್ತು, ಆಗ ಯಾವ ಹವಾಮಾನ ಬದಲಾವಣೆ ಇತ್ತು?” ಹೌದು, ಬಂದಿತ್ತು, 23.1 ಅಡಿ. ವಾದಕ್ಕೆ ನೆನಪಾಗುವ ಈ 1916, ಅದೇ ಹೊಳೆಯ ದಂಡೆಯಲ್ಲಿ ಅಂಗಡಿ ಸಾಲು, ಚಿತ್ರಕಲಾ ಮಳಿಗೆ ಕಟ್ಟುವಾಗ ಯಾರಿಗೂ ಯಾಕೆ ನೆನಪಾಗಲಿಲ್ಲ? ಆಶ್‌ವಿಲ್ ಇರುವ ಕೌಂಟಿಯಲ್ಲಿ ಪ್ರವಾಹ ವಿಮೆ ಮಾಡಿಸಿದ್ದ ಮನೆಗಳು ನೂರಕ್ಕೆ ಒಂದೂ ಇರಲಿಲ್ಲ.

ನಾರ್ತ್ ಕ್ಯಾರೊಲೈನಾದ ಶಾಸಕರು ಮಾತ್ರ ವಿಜ್ಞಾನದ ಬಗ್ಗೆ ಬಹಳ ಜಾಗರೂಕರು. 2004ರಲ್ಲಿ ಎರಡು ಚಂಡಮಾರುತಗಳು ಬಂದು ಗುಡ್ಡ ಕುಸಿದ ಮೇಲೆ, ಎಲ್ಲೆಲ್ಲಿ ಕುಸಿಯಬಹುದು ಎಂಬ ನಕ್ಷೆ ತಯಾರಿಸಲು ಭೂವಿಜ್ಞಾನಿಗಳಿಗೆ ಹಣ ಕೊಟ್ಟರು. ಅವರು ಪಾಪ, ನಿಜವಾಗಿಯೂ ತಯಾರಿಸತೊಡಗಿದರು! ನಕ್ಷೆಯಲ್ಲಿ ಕೆಂಪು ಬಿದ್ದ ಜಾಗವನ್ನು ಯಾರು ಕೊಳ್ಳುತ್ತಾರೆ? 2011ರಲ್ಲಿ ಹಣ ನಿಲ್ಲಿಸಿದರು. ಮತ್ತೆ ಹಣ ಹೊರಟಿದ್ದು 2018ರಲ್ಲಿ. ನಡುವೆ 2012ರಲ್ಲಿ, ಕಡಲು ಮುಂದೆ ಇನ್ನಷ್ಟು ವೇಗವಾಗಿ ಏರುತ್ತದೆ ಎಂಬ ಅಂದಾಜನ್ನು ಆಡಳಿತದ ನಿಯಮಗಳಿಗೆ ಕೆಲವು ವರ್ಷ ಬಳಸಕೂಡದು ಎಂದು ಕಾನೂನನ್ನೇ ಮಾಡಿದ್ದರು. ಕಡಲಿಗೆ ಕಾನೂನಿನ ಪ್ರತಿ ತಲುಪಿತೋ ಇಲ್ಲವೋ.

ಇಷ್ಟಾದರೂ ತಪ್ಪಿತಸ್ಥರು ಸಿಕ್ಕೇಬಿಟ್ಟರು. ನೀರು ಇಳಿದು ವಾರ ಕಳೆಯುವ ಮೊದಲೇ, ಅಕ್ಟೋಬರ್ 3ರಂದು, ಜಾರ್ಜಿಯಾದ ಆಗಿನ ಸಂಸದೆ ಮಾರ್ಜರಿ ಟೇಲರ್ ಗ್ರೀನ್ ಅವರು ಹವೆಯನ್ನು ‘ಅವರು’ ನಿಯಂತ್ರಿಸಬಲ್ಲರು ಎಂದು ಜಾಲತಾಣದಲ್ಲಿ ಸಾರಿದರು. ‘ಅವರು’ ಯಾರೋ, ಹೇಳಲಿಲ್ಲ. ಚಿಮ್ನಿ ರಾಕ್ ಹಳ್ಳಿಯ ಅಡಿಯ ಲಿಥಿಯಂ ದೋಚಲು ಸರ್ಕಾರವೇ ಮಳೆ ತರಿಸಿತು ಎಂಬ ಸುದ್ದಿಯೂ ಹಾರಿತು. ಪರಿಹಾರ ಹೊತ್ತು ಬಂದ ಸರ್ಕಾರಿ ನೌಕರರಿಗೆ ಬೆದರಿಕೆ ಬಂದು ಕೆಲಸವನ್ನೇ ಸ್ವಲ್ಪ ಕಾಲ ತಡೆಹಿಡಿಯಬೇಕಾಯಿತು. ಇದರ ತರ್ಕವೇ ಬೆರಗು ಹುಟ್ಟಿಸುವಂಥದ್ದು. ಇನ್ನೂರು ವರ್ಷ ಕಲ್ಲಿದ್ದಲು, ಎಣ್ಣೆ ಸುಟ್ಟು ಮನುಷ್ಯ ಹವಾಮಾನ ಕೆಡಿಸಿದ ಎಂದರೆ ‘ಛೆ, ಮನುಷ್ಯನಿಂದ ಅದು ಸಾಧ್ಯವೇ?’ ಎನ್ನುವವರು, ಒಂದು ಗುಂಡಿ ಒತ್ತಿ ಚಂಡಮಾರುತವನ್ನೇ ತಿರುಗಿಸಿದರು ಎಂದರೆ ‘ಇರಬಹುದು’ ಎನ್ನುತ್ತಾರೆ.

ಕೊನೆಗೆ ಸರ್ಕಾರದ ಕಣ್ಣೂ ಶಾನುಭೋಗರ ಮೇಲೆ ಬಿತ್ತು. ನೂರು ಕೋಟಿ ಡಾಲರ್ ಮೀರಿ ನಷ್ಟ ಮಾಡಿದ ಅನಾಹುತಗಳ ಪಟ್ಟಿಯೊಂದನ್ನು ಆಶ್‌ವಿಲ್ ಕಚೇರಿ ಬರೆಯುತ್ತಿತ್ತು. 1980ರಿಂದ 403 ಅನಾಹುತಗಳು ಅದರಲ್ಲಿದ್ದವು. ಹೆಲೀನ್ ಒಂದರದ್ದೇ ಸುಮಾರು 7,900 ಕೋಟಿ ಡಾಲರ್. 2025ರ ಮೇ ತಿಂಗಳಲ್ಲಿ ಆ ಪಟ್ಟಿಗೆ ಇನ್ನು ಮುಂದೆ ಹೊಸ ಸಾಲು ಸೇರಿಸುವುದಿಲ್ಲ ಎಂದು ಘೋಷಿಸಲಾಯಿತು. ಪ್ರವಾಹ ನಿಲ್ಲಿಸುವುದು ಕಷ್ಟ. ಲೆಕ್ಕ ನಿಲ್ಲಿಸುವುದಕ್ಕೆ ಒಂದು ಸಹಿ ಸಾಕು.

ಅಮೆರಿಕದವರ ಬುದ್ಧಿ ಕಂಡು ನಗುವ ಮೊದಲು ನಮ್ಮ ಮನೆಯ ಕಡತವನ್ನೂ ತೆಗೆಯಿರಿ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿದವು. 2024ರ ಜುಲೈ 30ರಂದು ವಯನಾಡಿನಲ್ಲಿ ಊರಿಗೆ ಊರೇ ಮಣ್ಣುಪಾಲಾಯಿತು. ಕಸ್ತೂರಿರಂಗನ್ ವರದಿ ಆಧರಿಸಿ ಕರ್ನಾಟಕದ ಪಶ್ಚಿಮಘಟ್ಟದಲ್ಲಿ 20,668 ಚದರ ಕಿಲೋಮೀಟರನ್ನು ಸೂಕ್ಷ್ಮ ಪ್ರದೇಶವೆಂದು ಗುರುತಿಸುವ ಕರಡು ಅಧಿಸೂಚನೆಯನ್ನು ಕೇಂದ್ರ ಮರುದಿನವೇ ಮತ್ತೊಮ್ಮೆ ಹೊರಡಿಸಿತು. ರಾಜ್ಯದ ಹಿಂದಿನ ಸರ್ಕಾರಕ್ಕೂ ಅದು ಬೇಡವಾಗಿತ್ತು. ಆಗಿನ ಸಂಪುಟ ಸಭೆ ಸೇರಿ ವರದಿಯನ್ನು ತಿರಸ್ಕರಿಸಿದ್ದು ಒಂದು ಗುರುವಾರ. ತಾರೀಖು 2024ರ ಸೆಪ್ಟೆಂಬರ್ 26.