ಬೀಗರ ಜೊತೆ ಬ್ರೈಟನ್

ಕೃಷ್ಣೆ–ಘಟಪ್ರಭೆಗಳ ನಡುವಿನ ಎರೆಹೊಲದಲ್ಲಿ ಬೆಳೆದವರು ಸಮುದ್ರದ ಕಡೆ ಹೊರಡಬೇಕೆಂದರೆ ಒಂದು ಕಾರಣ ಬೇಕು. ಗೋಕರ್ಣಕ್ಕಾದರೆ ದೇವರು, ಗೋವಾಕ್ಕಾದರೆ ಗೆಳೆಯರು. ಎರಡನೆಯದಕ್ಕೆ ಹೋಗಿ ಮನೆಯಲ್ಲಿ ಮೊದಲನೆಯದರ ಹೆಸರು ಹೇಳುವವರೂ ಉಂಟು. ಸುಮ್ಮನೆ ದಂಡೆಯ ಮೇಲೆ ಕೂತೆದ್ದು ಬರಲು ರೊಕ್ಕ ಖರ್ಚು ಮಾಡುವುದು ಮಾತ್ರ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಯಾರ ಲೆಕ್ಕದಲ್ಲೂ ಕೂಡುವುದಿಲ್ಲ.

ಇಂಥದ್ದರಲ್ಲಿ ನಮ್ಮ ಮನೆಯವರು ಲಂಡನ್ನಿನ ಹೌನ್ಸ್‌ಲೋದ ನಮ್ಮ ಪುಟ್ಟ ಮನೆಯಲ್ಲಿ, ಎರಡೂ ಕಡೆಯ ಹಿರಿಯರನ್ನು ಎದುರಿಗೆ ಕೂಡಿಸಿಕೊಂಡು, "ಶನಿವಾರ ಬ್ರೈಟನ್‌ಗೆ ಹೋಗೂಣು. ಪ್ಲ್ಯಾನು ಗೀನು ಏನೂ ಬ್ಯಾಡ. ಆರಾಮ ಹೋಗಿ ಆರಾಮ ಬರೂಣು" ಅಂದುಬಿಟ್ಟರು.

ಮಗಳ ಮೊದಲ ಹುಟ್ಟುಹಬ್ಬಕ್ಕೆಂದು ನಾಲ್ವರೂ ಒಟ್ಟಿಗೇ ಬಂದಿಳಿದಿದ್ದರು. ಅಪ್ಪ ಜಮಖಂಡಿಯವರು, ಅವ್ವನ ತವರು ಬನಹಟ್ಟಿ. ಮಾವ ಮುಧೋಳದವರು, ಅತ್ತೆಯ ತವರು ಬೀಳಗಿ. ಊರಲ್ಲಿ ಈ ನಾಲ್ವರು ಒಂದೇ ಜಾಗದಲ್ಲಿ ಸೇರಬೇಕೆಂದರೆ ಮದುವೆಯೋ ಮಣ್ಣೋ ಆಗಬೇಕು. ಇಲ್ಲಿ ಒಂದೇ ಬಚ್ಚಲು. ಥೇಮ್ಸ್ ದಂಡೆಯಲ್ಲಿ 2015ರಲ್ಲಿ ನಿಲ್ಲಿಸಿದ ಬಸವಣ್ಣನವರ ಪ್ರತಿಮೆಗೆ ಕೈಮುಗಿದು ಬಂದಮೇಲೆ ಇಂಗ್ಲೆಂಡಿನಲ್ಲಿ ನೋಡುವುದು ಮುಗಿಯಿತೆಂದೇ ಅವರೆಲ್ಲ ತಿಳಿದಿದ್ದರು.

"ನೀವ ಹೇಳ್ರಿ ಬೀಗ್ರ, ಹೋಗೂಣೇನು?" ಅಂದರು ಅಪ್ಪ.

"ಛೇ ಛೇ, ನೀವ ಹೇಳ್ರಿ. ನಮ್ಮದೇನೈತಿ, ನೀವು ಹೆಂಗಂತೀರಿ ಹಂಗ."

ಬೀಗರ ನಡುವೆ ಬೇಡ ಎನ್ನುವ ಮಾತು ನಡೆಯುವುದಿಲ್ಲ, ಬೇಕು ಎನ್ನುವ ಮಾತಂತೂ ಇನ್ನೂ ಕಷ್ಟ. ಹೆಣ್ಣಿನ ಕಡೆಯವರು ಬೇಕು ಅಂದರೆ ಅಳಿಯನಿಗೆ ಖರ್ಚು ಹಚ್ಚಿದರು ಎಂದಾಗುತ್ತದೆ. ಗಂಡಿನ ಕಡೆಯವರು ಬೇಡ ಅಂದರೆ ಬೀಗರನ್ನು ಕರೆದುಕೊಂಡು ತಿರುಗಲು ಮನಸ್ಸಿಲ್ಲ ಎಂದಾಗುತ್ತದೆ. ಹಾಗಾಗಿ ನಾಲ್ವರೂ ಒಪ್ಪಿದರು. ಯಾರು ಒಪ್ಪಿದ್ದೆಂದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ಒಳಗಿನ ಮಾತು ಅಡಿಗೆಮನೆಯಲ್ಲಿ ಹೊರಬಿತ್ತು. "ನೀರ ನೋಡಾಕ ಟಿಕೀಟ ತಗೊಂಡ ಹೋಗಬೇಕನವಾ?" ಅಂದರು ಅತ್ತೆ. "ಆಲಮಟ್ಟಿ ಹಿನ್ನೀರ ನಮ್ಮ ತವರಮನಿ ಹೊಲದ ಮ್ಯಾಲ ನಿಂತೈತಿ. ಪುಕ್ಕಟ ನೋಡ್ತೀವಿ." ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸಮುದ್ರದ ಮೇಲೆ ಇಷ್ಟು ನ್ಯಾಯವಾದ ತಕರಾರನ್ನು ನಾನು ಬೇರೆ ಯಾರಿಂದಲೂ ಕೇಳಿಲ್ಲ.

ಪ್ಲ್ಯಾನಿಲ್ಲದ ಪ್ರವಾಸಕ್ಕೆ ಗುರುವಾರದ ಹೊತ್ತಿಗೆ ಎಕ್ಸೆಲ್ ಹಾಳೆ ಸಿದ್ಧವಾಯಿತು. ಕ್ಲ್ಯಾಪಂ ಜಂಕ್ಷನ್ನಿನಲ್ಲಿ ರೈಲು ಬದಲಿಸುವುದು, ಕೂಸಿನ ಗಾಡಿಗೆ ಲಿಫ್ಟ್ ಎಲ್ಲಿ, ಮಾವನ ಸಕ್ಕರೆ ಕಾಯಿಲೆಯ ಗುಳಿಗೆ ಎಷ್ಟು ಹೊತ್ತಿಗೆ, ಎಲ್ಲ ಅದರಲ್ಲಿತ್ತು. "ಆರಾಮ: 2ರಿಂದ 3:30" ಎಂದೂ ಒಂದು ಸಾಲು. ಮೂವರಿಂದ ಒಂಬತ್ತು ಜನ ಗುಂಪಾಗಿ ಹೋದರೆ ಟಿಕೆಟ್ಟಿನಲ್ಲಿ ಮೂರನೇ ಒಂದು ಪಾಲು ಕಡಿಮೆ ಎಂದು ಕೇಳಿದ್ದೇ ಅಪ್ಪ ಎದ್ದು ಕೂತರು. "ನಾವು ದೊಡ್ಡವರು ಆರ ಮಂದಿ. ಇನ್ನ ಮೂರ ಮಂದಿಗೆ ಜಾಗಾ ಐತಿ. ಸುಮ್ನ ಯಾಕ ಹಾಳ ಮಾಡೂದು? ಬಾಜೂ ಮನಿಯವರನ್ನ ಕೇಳು." ಬಾಜೂ ಮನೆಯ ಪೋಲೆಂಡಿನವರನ್ನು ಕರೆಯದಂತೆ ಅವರನ್ನು ತಡೆಯಲು ಅರ್ಧ ತಾಸು ಹಿಡಿಯಿತು.

ಮಾವನದು ಬೇರೆ ಚಿಂತೆ. ಮುಧೋಳದವರು ರೈಲು ಹತ್ತಬೇಕೆಂದರೆ ಬಾಗಲಕೋಟೆಗೋ ಕುಡಚಿಗೋ ಹೋಗಬೇಕು. ಹೀಗೆ ಬೇರೆ ಊರಿಗೆ ಹೋಗಿ ರೈಲು ಹಿಡಿದವರಿಗೆ ಒಂದೂವರೆ ತಾಸು ಮುಂಚೆ ಸ್ಟೇಷನ್ನಿನಲ್ಲಿ ಇರದಿದ್ದರೆ ಜೀವಕ್ಕೆ ಸಮಾಧಾನವಿಲ್ಲ. ಅರ್ಧ ತಾಸಿಗೊಂದು ರೈಲಿದೆ ಎಂದರೆ, "ಹಂಗಂತ ಹೇಳ್ತಾರ" ಎಂದು ನಕ್ಕರು.

"ಊಟ ಅಲ್ಲೇ ಎಲ್ಲಾದ್ರೂ ಮಾಡೂಣು" ಎಂಬ ತೀರ್ಮಾನವೂ ಹಾಳೆಯಲ್ಲಿತ್ತು. ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಅಡಿಗೆಮನೆಯಲ್ಲಿ ಪಟಪಟ ಸದ್ದಾಯಿತು. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಅತ್ತೆ ಬದನೆಕಾಯಿಗೆ ಖಾರ ತುಂಬುತ್ತಿದ್ದರು. ಈ ವಿಷಯದಲ್ಲಿ "ನೀವ ಹೇಳ್ರಿ, ನೀವ ಹೇಳ್ರಿ" ನಡೆದೇ ಇರಲಿಲ್ಲ. ಹಿಟ್ಟು ನಾದುವವರು ಒಬ್ಬರು, ಶೇಂಗಾ ಹುರಿಯುವವರು ಒಬ್ಬರು, ಯಾವಾಗ ಮಾತಾಡಿಕೊಂಡರೋ ಶಿವನೇ ಬಲ್ಲ. ಎಣಗಾಯಿ, ಶೇಂಗಾ ಹಿಂಡಿ, ಮೊಸರು, ಶೇಂಗಾದ ಹೋಳಿಗೆ ಎಲ್ಲ ಬುತ್ತಿ ಸೇರಿದವು. ಗಂಡಸರ ಆರಾಮ ಒಟ್ಟು ಮೂರು ಚೀಲ ತೂಗಿತು. ಹೊಗೆಯ ಅಲಾರಾಂ ಒಂದು ಸಲ ಹೊಡೆದುಕೊಂಡಾಗ ಮಾವ ಗಾಬರಿಯಿಂದ ಎದ್ದು, "ರೈಲ ಬಂತನ?" ಅಂದರು.

ಬ್ರೈಟನ್ನಿನ ದಂಡೆಯಲ್ಲಿ ಉಸುಕಿಲ್ಲ. ಕಣ್ಣು ಹಾಯುವಷ್ಟೂ ದುಂಡುಕಲ್ಲು. ಅತ್ತೆ ಒಂದನ್ನು ಎತ್ತಿಕೊಂಡು, ಮಸಾಲೆ ಅರೆಯಲು ಬಂದೀತೇ ಎಂದು ಅಂಗೈಯಲ್ಲಿ ಉರುಳಿಸಿ ನೋಡಿ ಕೆಳಗಿಟ್ಟರು. ಅಪ್ಪ ಸೊಂಟದ ಮೇಲೆ ಕೈಯಿಟ್ಟು ನೀರನ್ನು ಬಹಳ ಹೊತ್ತು ಅಳೆದರು. ಸರ್ಕಾರದ ಹಾದಿ ಕಾಯದೆ ರೈತರೇ ರೊಕ್ಕ ಕೂಡಿಸಿ, ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ 1989ರಲ್ಲಿ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದ ತಾಲೂಕಿನವರು ಅವರು. "ಇಷ್ಟ ನೀರ ಐತಿ, ಒಂದ ಎಕರೆ ಕಬ್ಬಿಗೂ ಬರೂದಿಲ್ಲ" ಎಂದು ಸಮುದ್ರಕ್ಕೆ ಬೆನ್ನು ತಿರುಗಿಸಿ ಕೂತರು.

ಬುತ್ತಿ ಬಿಚ್ಚಿದ್ದೇ ಸೀಗಲ್ ಹಕ್ಕಿಗಳು ಬಂದವು. ಬೆಕ್ಕಿನಷ್ಟು ದಪ್ಪದ ಒಂದು ಮಾವನ ಕೈಯಿಂದ ಹೋಳಿಗೆಯನ್ನೇ ಎತ್ತಿಕೊಂಡು ಹೋಯಿತು. ಸಕ್ಕರೆ ಕಾಯಿಲೆಯವರ ಕೈಗೆ ಹೋಳಿಗೆ ಹೇಗೆ ಬಂತೆಂಬ ವಿಚಾರಣೆ ಶುರುವಾಗುವ ಮೊದಲೇ ಅವರು ಮಾತು ಬೇರೆ ಕಡೆ ತಿರುಗಿಸಿದರು. "ಒಂದ ಮುಧೋಳ ನಾಯಿ ಇರಬೇಕಿತ್ತು ಇಲ್ಲಿ. ನಮ್ಮ ಘೋರ್ಪಡೆ ಅರಸರು ಇವರ ಐದನೇ ಜಾರ್ಜಗ ಜೋಡಿ ಕೊಟ್ಟಿದ್ರು. ಜ್ವಾಪಾನ ಮಾಡಲಿಲ್ಲ ನೋಡ್ರಿ, ಈಗ ಹಕ್ಕಿ ಕಾಟ."

ಹಾಳೆಯ ಪ್ರಕಾರ ಮುಂದೆ ರಾಯಲ್ ಪೆವಿಲಿಯನ್. ಮುಂದೆ ನಾಲ್ಕನೇ ಜಾರ್ಜ್ ಆದ ರಾಜಕುಮಾರ ಸಮುದ್ರದ ಬಳಿ ಆರಾಮಾಗಿರಲೆಂದು ಮಾಡಿಕೊಂಡ ಬಿಡಾರವದು. 1815ರಿಂದ 1823ರವರೆಗೆ ಜಾನ್ ನ್ಯಾಶ್ ಅದಕ್ಕೆ ಗುಮ್ಮಟ, ಮಿನಾರುಗಳನ್ನು ಏರಿಸಿದ. ಇಬ್ಬರೂ ಹಿಂದೂಸ್ತಾನದ ಮಣ್ಣು ಮೆಟ್ಟಿದವರಲ್ಲ. "ಅಲ್ಲೋ, ಜಮಖಂಡಿಯಿಂದ ಬಿಜಾಪುರ ತಾಸೂವರಿ ಹಾದಿ. ಅದನ್ನ ನೋಡಾಕ ಇಲ್ಲಿ ತನಾ ಬಂದಂಗಾತು" ಎಂದು ಅಪ್ಪ ಟಿಕೆಟ್ಟಿನ ದರ ಓದಿ ಬೀಗರೊಡನೆ ಹೊರಗೇ ಉಳಿದರು.

ಹೆಂಗಸರು ಒಳಗೆ ಹೋದೆವು. ಔತಣದ ಕೋಣೆಯನ್ನು ಅವ್ವ, ಅತ್ತೆ ನಡೆಯುತ್ತಲೇ ನೋಡಿ ಮುಗಿಸಿದರು. ನಿಂತದ್ದು ಅಡಿಗೆಮನೆಯಲ್ಲಿ. ಕಬ್ಬಿಣದ ಕಂಬಗಳ ತುದಿಗೆ ತಾಮ್ರದ ಗರಿ ಮೂಡಿಸಿ ತಾಳೆಮರ ಮಾಡಿದ್ದಾರೆ. ಗೋಡೆ ತುಂಬ ಸಾಲು ಸಾಲು ತಾಮ್ರದ ಪಾತ್ರೆ. ಅತ್ತೆ ಎಣಿಸಲು ಶುರುಮಾಡಿ ಬಿಟ್ಟರು. "ಇವನ್ನೆಲ್ಲ ತಿಕ್ಕಾವ್ರು ಯಾರಿದ್ದಾರಂತ ಕೇಳವಾ. ಹುಣಸಿಹಣ್ಣ ಇಲ್ಲಿ ಸಿಗತಿತ್ತನ?" 1914ರಿಂದ 1916ರವರೆಗೆ ಇದೇ ಅರಮನೆ ಗಾಯಗೊಂಡ ಭಾರತೀಯ ಸಿಪಾಯಿಗಳ ಆಸ್ಪತ್ರೆಯಾಗಿತ್ತು, ಅವರವರ ಜಾತಿ-ಧರ್ಮಕ್ಕೆ ತಕ್ಕಂತೆ ಒಂಬತ್ತು ಅಡಿಗೆಮನೆ ನಡೆಸಿದರು ಎಂದು ನಾನು ಹೇಳಿದೆ. ಅವ್ವ ಬೀಗತಿಯ ಮುಖ ನೋಡಿ, "ನಾವಿಬ್ಬರು ಒಂದ ಒಲಿ ಮ್ಯಾಲ ಸಂಬಾಳಿಸಿಕೊಂಡ ಹೊಂಟೀವಿ. ನಮಗೂ ಒಂದ ಬೋರ್ಡ ಹಾಕಬೇಕ್ರಿ" ಅಂದಳು.

ಮತ್ತೆ ದಂಡೆಗೆ ಬಂದಾಗ ಹಾಳೆಯ "ಆರಾಮ" ಮುಗಿದು ಬಹಳ ಹೊತ್ತಾಗಿತ್ತು. ಆದರೂ ಕೂತೆವು. ಅಲೆ ಹಿಂದೆ ಸರಿಯುವಾಗ ಕಲ್ಲುಗಳನ್ನು ಎಳೆದುಕೊಂಡು ಹೋಗುತ್ತದೆ. ಖಡಖಡ ಖಡಖಡ, ಬನಹಟ್ಟಿಯ ಓಣಿಯಲ್ಲಿ ಪವರ್‌ಲೂಮ್ ಓಡಿದ ಹಾಗೆಯೇ ಸದ್ದು. ಮಗ್ಗದ ಸಪ್ಪಳವಿಲ್ಲದೆ ನಿದ್ದೆ ಹತ್ತುವುದಿಲ್ಲವೆಂದು ಬಂದಾಗಿನಿಂದ ಹೌನ್ಸ್‌ಲೋದಲ್ಲಿ ಹೊರಳಾಡುತ್ತಿದ್ದ ಅವ್ವ, ಬುತ್ತಿಯ ಚೀಲಕ್ಕೆ ತಲೆ ಕೊಟ್ಟು ಗೊರಕೆ ಹೊಡೆದಳು. ನಮ್ಮವರು ಹಾಳೆ ತೆರೆದು ಆ ಸಾಲಿನ ಎದುರು ಗುರುತು ಹಾಕಿಕೊಂಡರು.

ಮರಳುವಾಗ ರೈಲಿನಲ್ಲಿ, ಕತ್ತಲಾಗುತ್ತಿದ್ದಂತೆ, ಮಾವ ಮೆಲ್ಲಗೆ ಬಾಯಿಬಿಟ್ಟರು. ದಂಡೆಗುಂಟ ಓಡುವ ಪುಟ್ಟ ವೋಲ್ಕ್ಸ್ ರೈಲು, 1883ರಿಂದ ಓಡುತ್ತಿರುವುದು, ಜಗತ್ತಿನಲ್ಲಿ ಇನ್ನೂ ಓಡುತ್ತಿರುವ ವಿದ್ಯುತ್ ರೈಲುಗಳಲ್ಲೆಲ್ಲ ಹಳೆಯದು, ಅದನ್ನು ಹತ್ತಬೇಕೆಂದು ಅವರಿಗೆ ಬೆಳಗಿನಿಂದಲೂ ಆಸೆಯಿತ್ತಂತೆ.

"ಅಯ್ಯ, ನನಗೂ ಇತ್ತಲ್ರಿ!" ಅಂದರು ಅಪ್ಪ. "ಮತ್ತ ಹೇಳಬಾರದೇನ್ರಿ?"

"ನೀವ ಹೇಳ್ತೀರಂತ ಸುಮ್ನಿದ್ನಿರಿ."

"ನಾನೂ ಅದಕ್ಕ ಸುಮ್ನ ಕುಂತಿನ್ರಿ."

ಇಬ್ಬರೂ ನಮ್ಮವರ ಕಡೆ ತಿರುಗಿದರು. ಮುಂದಿನ ಶನಿವಾರ ಬಿಡುವಿದೆ ಎಂದು ಅವರು ಹೇಳಿಯೇಬಿಟ್ಟರು. ಈ ಸಲ ಖಂಡಿತ ಏನೂ ಪ್ಲ್ಯಾನ್ ಇಲ್ಲ.

ಎದುರು ಸೀಟಿನಲ್ಲಿ ಅತ್ತೆ ಕಣ್ಣು ತೆರೆಯದೆಯೇ ಅವ್ವನನ್ನು ಕೇಳಿದರು. "ಜ್ವಾಳದ ಹಿಟ್ಟ ಎಷ್ಟ ಉಳದೈತ್ರಿ?"

"ಒಂದ ಸಲಕ್ಕ ಆಗ್ತೈತ್ರಿ. ಶೇಂಗಾ ಮುಗದಾವ, ಗುರೆಳ್ಳ ಹಿಂಡಿ ಮಾಡೂಣು."