ನಾಲ್ಕಿಂಚಿನ ಲೆಕ್ಕ

ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯಲ್ಲಿ ಗುಡ್ಡವಿಲ್ಲ. ಗುಡ್ಡ ಹಾಗಿರಲಿ, ಎಡವಿ ಬೀಳಲು ಒಂದು ದಿಣ್ಣೆಯೂ ಇಲ್ಲ. 1960ರ ಹೊತ್ತಿಗೆ ಇಲ್ಲಿದ್ದದ್ದು ಬ್ರೂವರ್ ಐಲೆಂಡ್ ಎಂಬ ಜೌಗು ನೆಲ, ಉಪ್ಪಿನ ಗದ್ದೆ, ಒಂದಿಷ್ಟು ಹಸು. ಟಿ. ಜ್ಯಾಕ್ ಫಾಸ್ಟರ್ ಎಂಬ ಬಿಲ್ಡರ್ ಮಹಾಶಯ ಕೊಲ್ಲಿಯ ತಳದಿಂದ ಮರಳು ಎತ್ತಿಸಿ ಸುರಿಸಿ, ಮಳೆನೀರು ಇಳಿಯಲೆಂದು ನಡುವೆ ಲಗೂನು ತೋಡಿಸಿ, ಊರೊಂದನ್ನು ಮಾಡಿಬಿಟ್ಟ. 1971ರಲ್ಲಿ ಅದಕ್ಕೆ ನಗರದ ಪಟ್ಟವೂ ಸಿಕ್ಕಿತು. ಎತ್ತರ ಅಂತ ನಮಗಿರುವುದು ಸಮುದ್ರ ಒಳಗೆ ಬಾರದಿರಲೆಂದು ಕಟ್ಟಿದ ಏರಿ. ಅದು ಬಿಟ್ಟರೆ 92ನೇ ಹೆದ್ದಾರಿಯ ಸ್ಯಾನ್ ಮಟೇಯೊ ಸೇತುವೆ. ಹಡಗುಗಳಿಗೆ ದಾರಿ ಬಿಡಲು ಒಂದು ಕಡೆ 135 ಅಡಿ ಮೇಲೇಳುತ್ತದೆ. ನಮ್ಮ ಚಾರ್ಮಾಡಿ, ಆಗುಂಬೆ ಎಲ್ಲವೂ ಅದೇ.

ಇಂಥ ಊರಲ್ಲಿ ಕೂತು ನನ್ನ ಬಸವನಗುಡಿ ಗೆಳೆಯ 1985ರ ಟೊಯೋಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ60 ಕೊಳ್ಳಲು ಹೊರಟ. ಫೋರ್ ವೀಲ್ ಡ್ರೈವ್, ನಾಲ್ಕೂ ಚಕ್ರಕ್ಕೆ ಕಮಾನು ಪಟ್ಟಿ, 4.2 ಲೀಟರಿನ ಆರು ಸಿಲಿಂಡರು. ಜೊತೆಗೆ, ಜಾಹೀರಾತಿನ ಮೊದಲ ಸಾಲಲ್ಲೇ ಹೇಳಿದ್ದಂತೆ, 'ನಾಲ್ಕಿಂಚು ಲಿಫ್ಟ್', ಅಂದರೆ ಕಂಪನಿ ಕೊಟ್ಟದ್ದಕ್ಕಿಂತ ನಾಲ್ಕಿಂಚು ಎತ್ತರಿಸಿದ ಗಾಡಿ. ಮಾರುವವನೂ ಇದೇ ಊರಿನವನು. ಇಲ್ಲಿ ಲಿಫ್ಟು ಯಾಕೆ ಬೇಕಾಯಿತು ಎಂದು ನಾನು ಕೇಳಲಿಲ್ಲ. ಈಜು ಬಾರದವರ ಮನೆಯಲ್ಲೂ ದೋಣಿ ಕಟ್ಟಿರುವ ಊರಿದು.

ನನ್ನನ್ನು ಪರಿಣತನೆಂದು ಕರೆದುಕೊಂಡು ಹೋಗಲು ಇದ್ದ ಕಾರಣ ಒಂದೇ: ನಾನು ಕಳಸದ ಕಡೆಯವನು. ಸಂಸೆ, ಬಾಳೆಗಲ್ಲಿನ ಕಡೆಗೆ ಜೀಪಿನ ಹಿಂದೆ ಜೋತುಬಿದ್ದು ಓಡಾಡಿದವನಿಗೆ ಸಸ್ಪೆನ್ಷನ್ ತಿಳಿದಿರಲೇಬೇಕು ಎಂಬುದು ಬಸವನಗುಡಿಯ ನಂಬಿಕೆ. ತಿಳಿದಿದೆ ನಿಜ, ಆದರೆ ಸೊಂಟದ ಮೂಲಕ. ನಮ್ಮಲ್ಲಿ ಮಹೀಂದ್ರ ಜೀಪಿಗೆ ಒಂದು ಪಟ್ಟಿ ಹೆಚ್ಚಿಗೆ ಹಾಕಿಸುತ್ತಿದ್ದದ್ದು ಎತ್ತರಕ್ಕಲ್ಲ, ಅಡಿಕೆ ಮೂಟೆಗೆ ಮತ್ತು ಮೂಟೆಯ ಮೇಲೆ ಕೂರುವ ಜನಕ್ಕೆ. ಖಾಲಿ ಇದ್ದಾಗ ಹಿಂಭಾಗ ಎತ್ತಿಕೊಂಡು ನಿಲ್ಲುತ್ತಿತ್ತು, ಹದಿನೈದು ಮಂದಿ ಹತ್ತಿದ ಮೇಲೆ ಮಟ್ಟಕ್ಕೆ ಬರುತ್ತಿತ್ತು. ಅದಕ್ಕೆ ಲಿಫ್ಟು ಅಂತ ಯಾರೂ ಹೆಸರಿಡಲಿಲ್ಲ, ಬೆಲೆಯನ್ನೂ ಕೂಡಿಸಲಿಲ್ಲ. ಇಲ್ಲಿ ಮಾರುವವನು ಮೂರು ಸಾವಿರ ಡಾಲರು ಕೂಡಿಸಿದ್ದ.

ಹೋದ ತಕ್ಷಣ ನಾನು ಟೇಪು ಹಿಡಿದು ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದೆ. ನೆಲದಿಂದ ಅಳೆದರೆ ಟೈರೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಮಾರುವವರೆಲ್ಲ ಅಳೆಯುವುದು ಹಾಗೇ. ಕಂಪನಿ ಟೈರಿನ ಎತ್ತರ ಸುಮಾರು 29 ಇಂಚು, ಇದರಲ್ಲಿದ್ದದ್ದು 33. ಟೈರು ನಾಲ್ಕಿಂಚು ದೊಡ್ಡದಾದರೆ ಆಕ್ಸಲ್ ಏರುವುದು ಅದರ ಅರ್ಧ. ಅಲ್ಲಿಗೆ ನಾಲ್ಕರಲ್ಲಿ ಎರಡಿಂಚು ಬರಿಯ ರಬ್ಬರು. ಗೆಳೆಯನ ಮುಖ ಅಷ್ಟೇ ಇಂಚು ಇಳಿಯಿತು.

ಉಳಿದೆರಡು ಇಂಚು ಹುಡುಕಲು ರಟ್ಟು ಹಾಸಿ ಗಾಡಿಯ ಕೆಳಗೆ ಮಲಗಿದೆ. ಲಗೂನಿನ ಹೆಬ್ಬಾತುಗಳು ಸಾಲಾಗಿ ಬಂದು ನೋಡಿದವು. ಈ ಊರಿನ ಹುಲ್ಲೆಲ್ಲ ತಮ್ಮದೇ ಎಂದು ತಿಳಿದಿರುವ ಪ್ರಾಣಿಗಳು ಅವು. ನಾನು ಮಲಗಿದ್ದಕ್ಕೂ ಅವುಗಳ ಆಕ್ಷೇಪಣೆ ಇತ್ತು. ಮುಂದಿನ ಕಮಾನಿನಲ್ಲಿ ಉಳಿದವುಗಳಿಗಿಂತ ಹೊಸದಾದ, ಬಣ್ಣ ಬೇರೆಯಾದ ಪಟ್ಟಿಯೊಂದಿತ್ತು; ಅದರಿಂದ ಒಂದಿಂಚು. ಕಮಾನಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ, ಶ್ಯಾಕಲ್, ಉದ್ದದ್ದು. ಶ್ಯಾಕಲ್ ಎರಡಿಂಚು ಬೆಳೆದರೆ ಗಾಡಿ ಒಂದಿಂಚು ಏರುತ್ತದೆ. ಅಲ್ಲಿಗೆ ಮುಂದಿನ ಲೆಕ್ಕ ಸರಿಹೋಯಿತು. ಹಿಂದೆ ಮಾತ್ರ ಕಮಾನಿಗೂ ಆಕ್ಸಲ್ಲಿಗೂ ನಡುವೆ ಕಬ್ಬಿಣದ ಬ್ಲಾಕು ಇಟ್ಟಿದ್ದರು, ಒಂದರ ಮೇಲೆ ಇನ್ನೊಂದು, ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟ ಹಾಗೆ.

ಬ್ಲಾಕು ಒಂದಾದರೆ, ಹಿಂದಿನ ಆಕ್ಸಲ್ಲಿಗಾದರೆ, ನಾನು ಸುಮ್ಮನಿರುತ್ತೇನೆ. ಫ್ಯಾಕ್ಟರಿಯಿಂದಲೇ ಹಾಗೆ ಬರುವ ಟ್ರಕ್ಕುಗಳಿವೆ. ಪೇರಿಸಿಟ್ಟ ಬ್ಲಾಕು ಬೇರೆ ಸಂಗತಿ. ಎಂಜಿನ್ನಿನ ಬಲ ಆಕ್ಸಲ್ಲನ್ನು ತಿರುಚುವಾಗ ಕಮಾನಿನಿಂದ ಆಕ್ಸಲ್ಲಿಗೆ ದೂರ ಹೆಚ್ಚಿದಷ್ಟೂ ತಿರುಚುವ ಸನ್ನೆ ಉದ್ದವಾಗುತ್ತದೆ, ಪಟ್ಟಿ 'ಎಸ್' ಆಕಾರಕ್ಕೆ ಬಾಗುತ್ತದೆ, ಒಂದು ದಿನ ಬ್ಲಾಕು ಜಾರಿ ಹೊರಗೆ ಬಂದರೂ ಆಶ್ಚರ್ಯವಿಲ್ಲ. ಬ್ರೇಕಿನ ಹೋಸನ್ನಂತೂ ಉದ್ದ ಮಾಡಿಸಿರಲೇ ಇಲ್ಲ. ಚಕ್ರ ಒಂದು ಹಳ್ಳಕ್ಕೆ ಪೂರ್ತಿ ಇಳಿದರೆ ಅದು ತಂತಿಯಾಗುತ್ತದೆ. ಹಳ್ಳವೇ ಇಲ್ಲದ ಊರಲ್ಲಿದ್ದದ್ದರಿಂದ ಅದು ಈವರೆಗೆ ಉಳಿದುಕೊಂಡಿತ್ತು.

ಕೆಳಗಿನಿಂದಲೇ ಕೇಳಿದೆ, "ಇದನ್ನು ರುಬಿಕಾನ್ ಟ್ರೇಲಿಗೆ ಒಯ್ದಿದ್ದೀರಾ?" ಟಾಹೋ ಸರೋವರದ ಕಡೆಯ ಆ ಬಂಡೆಗಳ ಹಾದಿಗೆ 1953ರಿಂದ ಜೀಪಿನವರು ಜಾತ್ರೆ ಕಟ್ಟಿಕೊಂಡು ಹೋಗುತ್ತಾರೆ, ಇಲ್ಲಿ ಲಿಫ್ಟು ಹಾಕಿಸುವವರೆಲ್ಲ ಬಾಯಿಬಿಟ್ಟರೆ ಅದರ ಹೆಸರು. "ಹೋಗಬೇಕು ಅಂತಿದ್ದೆ," ಎಂದ ಆತ. "ಕಾಸ್ಟ್‌ಕೋ ಅಂಗಡಿಗೆ ಹೋಗಿದ್ದೇನೆ."

ಓಡಿಸಿ ನೋಡಲು ಹಿಲ್ಸ್‌ಡೇಲ್ ಬೊಲೆವಾರ್ಡಿಗೆ ಇಳಿದೆವು. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೆಟ್ಟಗಾಗಬೇಕು. ಇದು ಆಗಲೊಲ್ಲದು, ತಿರುಗಿಸಿದ ಕಡೆಗೇ ನಿಷ್ಠೆ ಇಟ್ಟುಕೊಂಡಿತ್ತು. ಮುಂದಿನ ಶ್ಯಾಕಲ್ ಉದ್ದವಾದಾಗ ಆಕ್ಸಲ್ ತುಸು ಮುಂದಕ್ಕೆ ಹೊರಳಿ, ಸ್ಟಿಯರಿಂಗನ್ನು ನೆಟ್ಟಗಾಗಿಸುವ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ, ಆಮೇಲೆ ಗಾಡಿ ನೇರ ರಸ್ತೆಯಲ್ಲೂ ಅತ್ತಿತ್ತ ಪರಿಚಯಸ್ಥರನ್ನು ಹುಡುಕುತ್ತದೆ. ಸರಿಯಾದ ಬೆಣೆ ಕೊಟ್ಟು ಕೂರಿಸಿದ್ದರೆ ಈ ಪಾಡಿಲ್ಲ. ಸೇತುವೆಯ ಮೇಲೆ ಮುಳ್ಳು 65 ತೋರಿಸುವಾಗ ನನ್ನ ಫೋನು 74 ಅಂದಿತು. ದೊಡ್ಡ ಟೈರಿನ ವಿಷಯವನ್ನು ಸ್ಪೀಡೋಮೀಟರಿಗೆ ಯಾರೂ ತಿಳಿಸಿರಲಿಲ್ಲ. 135 ಅಡಿಯ ನೆತ್ತಿಯಲ್ಲಿ ಪಕ್ಕದಿಂದ ಕೊಲ್ಲಿಯ ಗಾಳಿ ಹೊಡೆದಾಗ ಗೆಳೆಯ ರಾಘವೇಂದ್ರ ಸ್ವಾಮಿಗಳನ್ನು ನೆನೆದ. ಗುರುತ್ವ ಕೇಂದ್ರ ಏರಿದಷ್ಟೂ ಮಗುಚುವುದು ಸುಲಭ ಎಂಬ ಭೌತಶಾಸ್ತ್ರವನ್ನು ನಾನು ಆಗ ವಿವರಿಸತೊಡಗಿದ್ದು ಅವನಿಗೆ ಇಷ್ಟವಾಗಲಿಲ್ಲ.

ಕಾನೂನಿನ ಕಡೆಯಿಂದ ತಕರಾರಿರಲಿಲ್ಲ. ಈ ತೂಕದ ಗಾಡಿಯ ಚಾಸಿ ನೆಲದಿಂದ 30 ಇಂಚು ದಾಟಬಾರದು ಎನ್ನುತ್ತದೆ ಕ್ಯಾಲಿಫೋರ್ನಿಯಾ, ದಾಟಿರಲಿಲ್ಲ. 1976ರ ಹಿಂದಿನ ಮಾಡೆಲ್ ಆಗಿದ್ದರೆ ಹೊಗೆ ಪರೀಕ್ಷೆ ಇರುತ್ತಿರಲಿಲ್ಲ, ಇದಕ್ಕಿತ್ತು, ಪಾಸಾಗಿತ್ತು. ನಿಜವಾದ ತೊಡಕು ಗೆಳೆಯನ ಗ್ಯಾರೇಜು. ಬಾಗಿಲು ಏಳಡಿ. ಗಾಡಿ ಹುಟ್ಟಿದಾಗ ಹತ್ತಿರ ಹತ್ತಿರ ಆರಡಿ, ಲಿಫ್ಟಿನ ನಾಲ್ಕಿಂಚು ಸೇರಿಸಿ, ಮೇಲಿನ ಕ್ಯಾರಿಯರ್ ಸೇರಿಸಿ. ಹೊರಗೆ ನಿಲ್ಲಿಸೋಣವೆಂದರೆ ಅವರ ಸಾಲುಮನೆಗಳ ಸಂಘ ಕಸದ ಡಬ್ಬಿ ಯಾವ ಗಂಟೆಗೆ ಹೊರಗೆ ಬರಬೇಕೆಂದೂ ನಿಯಮ ಮಾಡಿರುವ ಸಂಘ.

ಕೊನೆಯ ತೀರ್ಮಾನಕ್ಕೆ ಗಾಡಿಯನ್ನು ಗೆಳೆಯನ ಮನೆ ಮುಂದೆಯೇ ತಂದು ನಿಲ್ಲಿಸಿದೆವು. ಅವನ ಅಮ್ಮ ಬಸವನಗುಡಿಯಿಂದ ಬಂದಿದ್ದರು, ಮಂಡಿ ನೋವಿನ ಸಮೇತ. ಅವರು ಗಾಡಿಯನ್ನು ಒಮ್ಮೆ, ಮಗನನ್ನು ಒಮ್ಮೆ ನೋಡಿ, "ಲಿವರ್‌ಮೋರ್ ದೇವಸ್ಥಾನಕ್ಕೆ ಇದರಲ್ಲಾ? ಏಣಿ ನೀನು ತರ್ತೀಯೋ, ಅವರು ಕೊಡ್ತಾರೋ?" ಎಂದರು. ಅಡುಗೆಮನೆಯ ಸ್ಟೂಲು ಬಂತು. ಸೊಸೆ ಒಂದು ಕೈ, ನಾನೊಂದು ಕೈ, ಸೀರೆಯ ನೆರಿಗೆ ಅವರ ಕೈ. ಹತ್ತಿ ಕೂತ ಮೇಲೆ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಇಲ್ಲಿಂದ ಪಕ್ಕದ ಮನೆಯವರ ಹಿತ್ತಲು ಕಾಣುತ್ತೆ ಕಣೋ. ಆ ನಿಂಬೆಗಿಡ ಎಷ್ಟು ಬಿಟ್ಟಿದೆ!" ಗಾಜು ಇಳಿಸಿ ಕೈ ಚಾಚಿದರೆ ಬೇಲಿಯಾಚೆಯ ಕೊಂಬೆ ಸಿಗುತ್ತಿತ್ತು. ಸಿಕ್ಕಿತು ಕೂಡ.

ಗಾಡಿಯನ್ನು ಮಾರುವವನ ಮನೆಗೆ ಮರಳಿ ಒಯ್ದು ಚೌಕಾಸಿ ನಾನೇ ಮಾಡಿದೆ. ಮಲೆನಾಡಿನ ನ್ಯಾಯದಂತೆ ಲಿಫ್ಟಿನ ಮೂರು ಸಾವಿರವನ್ನು ಕೂಡಬಾರದು, ಕಳೆಯಬೇಕು ಎಂದೆ. ಬ್ಲಾಕು, ಶ್ಯಾಕಲ್, ಬ್ರೇಕ್ ಹೋಸು, ಎಲ್ಲಕ್ಕೂ ಬೆರಳು ತೋರಿಸಿದೆ. ಆತ ಬೇಸರಪಡಲಿಲ್ಲ. ಒಳಗೆ ಹೋಗಿ, ಗ್ಯಾರೇಜಿನ ಅಟ್ಟದಿಂದ ಕಂಬಳಿ ಸುತ್ತಿಟ್ಟಿದ್ದ ಕಂಪನಿಯ ಅಸಲು ಕಮಾನುಗಳನ್ನೂ ಶ್ಯಾಕಲ್‌ಗಳನ್ನೂ ತೋರಿಸಿದ. ಲಿಫ್ಟಿನ ದುಡ್ಡನ್ನು ಪೂರ್ತಿ ಬಿಟ್ಟುಕೊಟ್ಟ. ಅಸಲು ಕಮಾನಿಗೆ ಎಂಟುನೂರು ಬೇರೆ ಕೇಳಿದ, ಹಳೆಯ ಸಾಮಾನು ಈಗ ಸಿಗುವುದಿಲ್ಲವೆಂದು. ಗೆಳೆಯ ಕೊಟ್ಟ.

ಮೆಕ್ಯಾನಿಕ್ಕಿನ ದಿನ ಗೊತ್ತುಮಾಡಿ ಬಂದಾಗ ಅಮ್ಮ ಜಾಡಿ ತೊಳೆಯುತ್ತಿದ್ದರು. "ಈಗಲೇ ಯಾಕೆ ಇಳಿಸ್ತೀಯೋ? ಆ ನಿಂಬೆ ಮುಗೀಲಿ," ಎಂದರು. ಸೊಸೆ ನನ್ನ ಮುಖ ನೋಡಿದಳು. ಈ ಊರಲ್ಲಿ ನಿಂಬೆ ವರ್ಷವಿಡೀ ಬಿಡುತ್ತದೆ ಎಂದು ಅವರಿಗೆ ಯಾರೂ ಇನ್ನೂ ಹೇಳಿಲ್ಲ.