ಅಡ್ಡಹೆಸರಿಲ್ಲದ ಅಮೆರಿಕದವರು

ಅಲ್ಲಾ ಸ್ವಾಮಿ, ನಮ್ಮ ಕೋಲಾರದ ಕಡೆ ಅಡ್ಡಹೆಸರಿಲ್ಲದ ಒಬ್ಬ ಮನುಷ್ಯನನ್ನು ತೋರಿಸಿ ನೋಡೋಣ! ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋಗಿ ಬರೀ ‘ನಾರಾಯಣಪ್ಪ ಎಲ್ಲಿ?’ ಅಂದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ‘ಕುಳ್ಳ ನಾರಾಯಣಪ್ಪನೋ, ಬುಲೆಟ್ ನಾರಾಯಣಪ್ಪನೋ?’ ಎಂಬುದು ಇತ್ಯರ್ಥವಾಗದೆ ಯಾರೂ ದಾರಿ ತೋರಿಸುವುದಿಲ್ಲ. ಇಂಥ ನಾವು ಅಮೆರಿಕದವರಿಗೆ ಒಂದು ಅಡ್ಡಹೆಸರೂ ಇಡದೆ ಬಿಟ್ಟೆವಲ್ಲ, ಅದೇ ಸೋಜಿಗ.

ಬೇರೆಯವರು ಬಿಟ್ಟಿಲ್ಲ. ಇಂಗ್ಲಿಷರು ‘ಯಾಂಕೀ’ ಎಂದು ಹಂಗಿಸಿದರು. ಡಚ್ಚರ ‘ಯಾನ್ಕೆ’ ಎಂಬ ಹೆಸರಿನಿಂದ ಅದು ಬಂತೆಂದು ಪಂಡಿತರಲ್ಲಿ ಬಹುಮಂದಿಯ ಮತ. ಬೈಸಿಕೊಂಡವರೋ, ಅದನ್ನೇ ಮೀಸೆ ತಿರುವಿ ತಮ್ಮದು ಮಾಡಿಕೊಂಡರು. ಮೆಕ್ಸಿಕೊದವರು ‘ಗ್ರಿಂಗೊ’ ಅಂದರು. 1846ರ ಯುದ್ಧದಲ್ಲಿ ಹಸಿರು ಅಂಗಿಯ ಅಮೆರಿಕನ್ ಸಿಪಾಯಿಗಳನ್ನು ‘ಗ್ರೀನ್, ಗೋ’ ಎಂದು ಓಡಿಸಿದ್ದರಿಂದ ಆ ಹೆಸರು ಬಂತಂತೆ. ಶುದ್ಧ ಅರಳಿಕಟ್ಟೆ ಪುರಾಣ! 1787ರ ಸ್ಪ್ಯಾನಿಷ್ ನಿಘಂಟಿನಲ್ಲೇ ಆ ಪದವಿದೆ. ತೊದಲು ಸ್ಪ್ಯಾನಿಷ್ ಆಡುವ ಪರದೇಶಿ ಎಂದರ್ಥ. ಆಸ್ಟ್ರೇಲಿಯಾದವರು ಇನ್ನೂ ಪೋಲಿಗಳು. ‘ಯಾಂಕ್’ಗೆ ಪ್ರಾಸ ‘ಸೆಪ್ಟಿಕ್ ಟ್ಯಾಂಕ್’. ಮೊಟಕು ಮಾಡಿ ‘ಸೆಪ್ಪೊ’.

ನಮಗೆ ಅಮೆರಿಕದವರ ಪರಿಚಯವೇ ಇರಲಿಲ್ಲ ಅನ್ನುವಂತಿಲ್ಲ. 1890ರಲ್ಲೇ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನವರು ಕೋಲಾರಕ್ಕೆ ಬಂದರು. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಹರಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರ. ಕೋಲಾರದ ಇಟಿಸಿಎಂ ಆಸ್ಪತ್ರೆಯ ನಾಲ್ಕಕ್ಷರದೊಳಗೆ ಎಲೆನ್ ಥೋಬರ್ನ್ ಕೋವೆನ್ ಎಂಬ ಅಮೆರಿಕದ ಹೆಂಗಸಿದ್ದಾಳೆ. ಆದರೆ ನಮಗೆ ಬೆಳ್ಳಗಿದ್ದವನೆಲ್ಲ ದೊರೆ, ಅವನ ಹೆಂಡತಿ ದೊರೆಸಾನಿ, ಬೈಬಲ್ ಹಿಡಿದರೆ ಪಾದ್ರಿ. ಲಂಡನ್ನೋ ಒಹಾಯೊನೋ, ಯಾರಿಗೆ ಬೇಕು?

ಮನುಷ್ಯರನ್ನು ಬಿಟ್ಟು ಗಿಡಗಳ ಮೇಲೆ ಬಿದ್ದೆವು. ಪರಂಗಿ ಹಣ್ಣು ನೋಡಿ. ಹುಟ್ಟಿದ್ದು ಮಧ್ಯ ಅಮೆರಿಕದಲ್ಲಿ. ಹೆಸರು ಮಾತ್ರ ಯುರೋಪಿನ ಫ್ರಾಂಕರದು, ಅರಬ್ಬರ, ಪಾರಸಿಗಳ ಬಾಯಲ್ಲಿ ಫರಂಗಿಯಾಗಿ ಬಂದದ್ದು. ಕೋಲಾರದ ಮಾರುಕಟ್ಟೆ ತುಂಬುವ ಟೊಮೆಟೊ, ಸಾರಿಗೆ ಹಾಕುವ ಮೆಣಸಿನಕಾಯಿ, ಎಲ್ಲ ಆ ಕಡೆಯವೇ. ಮುಳಬಾಗಿಲಿನ ಡಿವಿಜಿಯವರ ಮಗ ಬಿ.ಜಿ.ಎಲ್. ಸ್ವಾಮಿ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕ’ ಎಂದು ಪುಸ್ತಕವನ್ನೇ ಬರೆದರು. ಇನ್ನು ಅಮೆರಿಕದ ಗೋಧಿಯ ಜೊತೆ ಬಂತೆನ್ನುವ ಪಾರ್ಥೇನಿಯಂ! ಮಾಲೂರಿನ ರೈತ ಅದನ್ನು ಕಿತ್ತೂ ಕಿತ್ತೂ ಬೈಯುವುದು ಅಮೆರಿಕವನ್ನಲ್ಲ. ಅವನಿಗದು ‘ಕಾಂಗ್ರೆಸ್ ಗಿಡ’.

ಹಾಗಾದರೆ ನಾವು ಅಡ್ಡಹೆಸರಿಟ್ಟ ಅಮೆರಿಕದವರು ಯಾರೂ ಇಲ್ಲವೆ? ಇದ್ದಾರೆ: ಅಲ್ಲೇ ಹುಟ್ಟಿದ ನಮ್ಮ ಮೊಮ್ಮಕ್ಕಳು. ಅವರಿಗೆ ‘ಎಬಿಸಿಡಿ’ ಅನ್ನುತ್ತೇವೆ. ಅಮೆರಿಕದಲ್ಲಿ ಹುಟ್ಟಿ ಗಲಿಬಿಲಿಗೊಂಡ ದೇಸಿ ಅಂತ. ಯಾಂಕೀಗಳನ್ನೆಲ್ಲ ಬಿಟ್ಟು, ಮುದ್ದೆ ನುಂಗಲು ಬಾರದ ಸ್ವಂತ ಕೂಸನ್ನೇ ಹಿಡಿದೆವಲ್ಲ! ಈ ಸಲ ಅದು ರಜೆಗೆ ಬಂದಾಗ ಕುಳ್ಳ, ಬುಲೆಟ್, ಏನು ಬೇಕಾದರೂ ಕರೆಯಿರಿ. ನಾಲ್ಕು ಇಂಗ್ಲಿಷ್ ಅಕ್ಷರ ಅಂಟಿಸುವುದು ಮಾತ್ರ ಬೇಡ. ಅದು ಫೈಲಿಗೆ ಹಾಕುವ ನಂಬರು, ನಮ್ಮೂರಿನ ಅಡ್ಡಹೆಸರಲ್ಲ.